ಗಂಡಿಕೋಟೆಯ ಡೇರೆಯಲ್ಲಿ ಎರಡು ರಾತ್ರಿ: ಒಬ್ಬರೇ ಹೋಗುವ ಛಾಯಾಗ್ರಾಹಕರಿಗೆ

ಫೆಬ್ರುವರಿ ಕೊನೆಯ ವಾರ, ಅಮಾವಾಸ್ಯೆಯ ಆಸುಪಾಸಿನಲ್ಲಿ, ಮಡಕಶಿರದಿಂದ ಒಬ್ಬನೇ ಕಾರು ತೆಗೆದುಕೊಂಡು ಪೆನುಕೊಂಡ, ಧರ್ಮಾವರಂ, ತಾಡಿಪತ್ರಿ, ಜಮ್ಮಲಮಡುಗು ಮಾರ್ಗವಾಗಿ ಆಂಧ್ರದ ಕಡಪ ಜಿಲ್ಲೆಯ ಗಂಡಿಕೋಟೆಗೆ ಹೋಗಿ, ಕೋಟೆಯ ಹೊರಗಿನ ಬಯಲಿನಲ್ಲಿರುವ ಒಂದು ಖಾಸಗಿ ಡೇರೆ ತಂಗುದಾಣದಲ್ಲಿ ಎರಡು ರಾತ್ರಿ ಉಳಿದಿದ್ದೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಹಿಂದೂಪುರದ ಕಡೆಯಿಂದ ಹಾಯ್ದು ಹೋಗುವ ನಮ್ಮ ಉತ್ತರ ಪಿನಾಕಿನಿ, ಅಂದರೆ ಪೆನ್ನಾ ನದಿ, ಇಲ್ಲಿ ಎರ್ರಮಲ ಬೆಟ್ಟಗಳ ಕೆಂಪು ಬಂಡೆಯನ್ನು ಸುಮಾರು 300 ಅಡಿ ಆಳಕ್ಕೆ ಕೊರೆದು ಗಂಡಿ ಮಾಡಿಕೊಂಡಿದೆ. ನಮ್ಮೂರಿನ ಬಳಿ ವರ್ಷದ ಬಹುಪಾಲು ಬರೀ ಮರಳಾಗಿ ಕಾಣುವ ಹೊಳೆಯನ್ನು ಅಷ್ಟು ಆಳದಲ್ಲಿ, ಹಸಿರು ನೀರಾಗಿ ನೋಡಿದಾಗ ಕ್ಯಾಮೆರಾ ಎತ್ತುವುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು.

ಜಮ್ಮಲಮಡುಗಿನಲ್ಲಿ ಇದಕ್ಕಿಂತ ಅನುಕೂಲವಾದ ಲಾಡ್ಜುಗಳಿವೆ. ಆದರೆ ಅಲ್ಲಿಂದ ಕೋಟೆಗೆ 15 ಕಿಲೋಮೀಟರಿನಷ್ಟು ದಾರಿಯಿದ್ದು, ಬೆಳಗಿನ ಜಾವದ ಕತ್ತಲೆಯಲ್ಲಿ ಒಬ್ಬರೇ ಗಾಡಿ ಓಡಿಸಿಕೊಂಡು ಬರಬೇಕಾಗುತ್ತದೆ. ಈ ಡೇರೆಯಿಂದ ಕೋಟೆಯ ಬಾಗಿಲಿಗೆ ನಡೆದೇ ಹೋಗಬಹುದು. ನಾನು ಹಣ ಕೊಟ್ಟದ್ದು ಮುಖ್ಯವಾಗಿ ಈ ಹತ್ತಿರಕ್ಕೆ. ಹಾಸಿಗೆ ತೆಳು, ಹೊದಿಕೆ ಶುಭ್ರ. ಶೌಚಾಲಯಕ್ಕೆ ಐವತ್ತು ಹೆಜ್ಜೆ ನಡೆಯಬೇಕು, ನೀರಿಗೆ ಕೊರತೆಯಿರಲಿಲ್ಲ.

ನನ್ನ ದೊಡ್ಡ ತಕರಾರು ಬೆಳಕಿನದು. ಡೇರೆಗಳ ನಡುವೆ ಕಂಬವೊಂದನ್ನು ನೆಟ್ಟು, ಅದಕ್ಕೆ ಬಿಳಿಯ ಫ್ಲಡ್ ಲೈಟ್ ಕಟ್ಟಿ, ರಾತ್ರಿಯಿಡೀ ಉರಿಸುತ್ತಾರೆ. ಫೆಬ್ರುವರಿ ಕೊನೆಯ ವೇಳೆಗೆ ಆಕಾಶಗಂಗೆಯ ನಡುಭಾಗ ಬೆಳಗಿನ ಜಾವ ಮೂರರ ನಂತರ ಆಗ್ನೇಯದಲ್ಲಿ ಮೇಲೇರುತ್ತದೆ. ಅದಕ್ಕಾಗಿಯೇ ಅಮಾವಾಸ್ಯೆ ನೋಡಿ ಬಂದವನಿಗೆ ಆ ದೀಪ ಇಡೀ ಪ್ರಯಾಣವನ್ನೇ ವ್ಯರ್ಥ ಮಾಡಬಲ್ಲದು. ಮೊದಲ ರಾತ್ರಿ ತೆಗೆದ ಚಿತ್ರಗಳಲ್ಲಿ ಬಂಡೆಗಳೆಲ್ಲ ಸುಣ್ಣ ಬಳಿದಂತೆ ಬಂದವು. ಮಾಲೀಕರಿಗೆ ತೆಲುಗಿನಲ್ಲಿ ವಿಷಯ ತಿಳಿಸಿದೆ. ಮಕ್ಕಳೊಂದಿಗೆ ಬಂದವರಿದ್ದಾರೆ, ಹಾವು ಚೇಳಿನ ಭಯವಿದೆ, ಪೂರ್ತಿ ಆರಿಸಲಾಗದು ಎಂದರು. ಅದು ನ್ಯಾಯವಾದ ಮಾತೇ. ಎರಡನೆಯ ರಾತ್ರಿ ಎರಡೂವರೆಗೆ ಎದ್ದು ಹೊರಗೆ ಬಂದರೆ, ಅವರೇ ಏಣಿ ಹಾಕಿ ದೀಪದ ಮೂರು ಬದಿಗೆ ತಗಡು ಕಟ್ಟಿಸಿದ್ದರು. ಬೆಳಕು ನೆಲಕ್ಕೆ ಮಾತ್ರ ಬೀಳುತ್ತಿತ್ತು. 14 ಮಿಲಿಮೀಟರ್ ಲೆನ್ಸಿನಲ್ಲಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ, 20 ಸೆಕೆಂಡುಗಳ ಒಡ್ಡಿಕೆಯಲ್ಲಿ (ಎಕ್ಸ್‌ಪೋಷರ್) ಬಂದ ಆಕಾಶವನ್ನು ಕ್ಯಾಮೆರಾದ ಪರದೆಯ ಮೇಲೆ ತೋರಿಸಿದಾಗ ಆ ಹಿರಿಯರು ಬಹಳ ಹೊತ್ತು ಏನನ್ನೂ ಹೇಳದೆ ನೋಡುತ್ತ ನಿಂತಿದ್ದರು.

ಎರಡನೆಯ ಕೊರತೆ ಚಾರ್ಜಿಂಗ್ ವ್ಯವಸ್ಥೆಯದು. ನಾಲ್ಕು ಡೇರೆಗಳಿಗೆ ಸೇರಿ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್ ಇದೆ, ಅದರಲ್ಲೂ ಒಂದು ಸಾಕೆಟ್ ಸಡಿಲವಾಗಿತ್ತು. ರಾತ್ರಿ ಹಚ್ಚಿಟ್ಟ ಬ್ಯಾಟರಿ ಬೆಳಿಗ್ಗೆ ನೋಡಿದರೆ ಅರ್ಧವೂ ತುಂಬಿರಲಿಲ್ಲ. ಕನಿಷ್ಠ ಮೂರು ಬ್ಯಾಟರಿಗಳನ್ನು ಮನೆಯಿಂದಲೇ ತುಂಬಿಸಿಕೊಂಡು ಹೋಗಬೇಕು.

ಊಟದ ಬಗ್ಗೆ ಮಾತ್ರ ಒಳ್ಳೆಯ ಮಾತನ್ನೇ ಹೇಳಬೇಕು. ರಾಗಿ ಸಂಗಟಿ, ನಾಟಿ ಕೋಳಿ ಸಾರು, ಶೇಂಗಾ ಚಟ್ನಿ. ನಮ್ಮ ಮುದ್ದೆಯಂತೆ ನುಣ್ಣಗಿರದೆ ಅನ್ನದ ಅಗುಳು ಬೆರೆತ ಸಂಗಟಿ ಇದು, ಬಿಸಿಬಿಸಿಯಾಗಿ ಬಡಿಸಿದರು. ಬೆಳಿಗ್ಗೆ ಐದಕ್ಕೆ ಚಹಾ ಬೇಕೆಂದು ಹೇಳಿದ್ದೆ. ನಾಲ್ಕೂ ಮುಕ್ಕಾಲಕ್ಕೇ ಡೇರೆಯ ಹೊರಗಿಂದ ಕೂಗಿ ಎಬ್ಬಿಸಿ ಕೈಗೆ ಲೋಟ ಕೊಟ್ಟರು.

ಕೋಟೆಯೊಳಗಿನ ಜುಮ್ಮಾ ಮಸೀದಿಯನ್ನು ದಾಟಿ, ಬಂಡೆಗಳನ್ನು ಹತ್ತಿ ಇಳಿದು ಕಣಿವೆಯ ಅಂಚು ಸೇರಬೇಕು. ಕಾವಲಿಗೆ ಕಂಬಿಯಿಲ್ಲ, ಗಾಳಿ ಜೋರಾಗಿರುತ್ತದೆ. ಒಬ್ಬರೇ ಇರುವಾಗ ಟ್ರೈಪಾಡನ್ನು ಅಂಚಿನಿಂದ ಎರಡು ಮಾರು ಹಿಂದಕ್ಕೆ ಊರಿ, ನಡುಗಂಬಕ್ಕೆ ಚೀಲ ತೂಗುಹಾಕಿದರೆ ಕ್ಯಾಮೆರಾಕ್ಕೂ ಜೀವಕ್ಕೂ ಕ್ಷೇಮ. ಮೊದಲ ಬಿಸಿಲು ಗೋಡೆಯ ಮೇಲಿನ ಪದರಗಳಿಗಷ್ಟೇ ತಾಗಿ, ತಳ ಇನ್ನೂ ಕತ್ತಲಲ್ಲಿರುವ ಹೊತ್ತಿನಲ್ಲಿ ಒಂದೇ ಒಡ್ಡಿಕೆಗೆ ಎರಡೂ ಸಿಗುವುದಿಲ್ಲ. ನಾನು ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೆ ಅರ್ಧ) ಅಂತರದಲ್ಲಿ ಮೂರು ಚಿತ್ರಗಳನ್ನು ತೆಗೆದು ಆಮೇಲೆ ಜೋಡಿಸಿದೆ. ಅಡ್ಡಡ್ಡ ಪದರಗಳಾಗಿ ಕುಳಿತು, ನೆಟ್ಟಗೆ ಸೀಳು ಬಿಟ್ಟ ಆ ಕಲ್ಲು, ಯಾರೋ ಇಟ್ಟಿಗೆ ಜೋಡಿಸಿದಂತೆ ಸ್ಪಷ್ಟವಾಗಿ ಕಾಣುವುದು ಆ ಹತ್ತು ನಿಮಿಷ ಮಾತ್ರ. ಡೇರೆಯಿಂದ ನಡೆದು ಬಂದದ್ದರಿಂದ ಆ ಹತ್ತು ನಿಮಿಷ ನನಗೆ ಎರಡು ದಿನವೂ ದಕ್ಕಿತು.

ಒಂದು ರಾತ್ರಿಗೆ ಊಟ ಸೇರಿ 1,400 ರೂಪಾಯಿ ಕೊಟ್ಟೆ. ಶನಿವಾರ, ಭಾನುವಾರ ಹಾಡು ಹಚ್ಚಿಕೊಂಡು ಕುಣಿಯುವ ಗುಂಪುಗಳು ಬರುತ್ತವೆಯಂತೆ. ಆದ್ದರಿಂದ ವಾರದ ನಡುವೆ ಹೋಗುವುದು ಮೇಲು. ದೀಪದ ವಿಷಯವನ್ನು ಮುಂಗಡ ಕೊಡುವಾಗಲೇ ಫೋನಿನಲ್ಲಿ ಹೇಳಿಡಿ. ನಾನು ಮಳೆಗಾಲ ಮುಗಿದ ಮೇಲಿನ ಅಮಾವಾಸ್ಯೆಗೆ ಈಗಲೇ ಹೇಳಿಟ್ಟಿದ್ದೇನೆ.