ಮೂರು ತಲೆಗಳ ಎಲ್‌ಇಡಿ ಗ್ರೋ ಲೈಟ್: ಬಣ್ಣ ಸರಿ, ಟೈಮರ್ ಸಾಲದು

ನೇರ ಬಿಸಿಲು ಬೀಳದ ಕೋಣೆಯಲ್ಲಿ ಟೊಮೆಟೊ ಮತ್ತು ಮೆಣಸಿನಕಾಯಿ ಸಸಿಗಳನ್ನು ಬೆಳೆಸಲೆಂದು, ಮೇಜಿನ ಅಂಚಿಗೆ ಕ್ಲಿಪ್ ಹಾಕಿ ನಿಲ್ಲಿಸುವ ಮೂರು ತಲೆಗಳ ಎಲ್‌ಇಡಿ ಗ್ರೋ ಲೈಟ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಇದೇ ಮಾದರಿಯ ದೀಪಗಳು ಹತ್ತಾರು ಹೆಸರುಗಳಲ್ಲಿ ಮಾರಾಟವಾಗುವುದರಿಂದ ಕಂಪನಿಯ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 60 ವ್ಯಾಟ್ ಎಂದಿದೆ. ಮೂರೂ ತಲೆಗಳು ಉರಿಯುವಾಗ ಮೀಟರ್ ಹಾಕಿ ನೋಡಿದರೆ 20 ವ್ಯಾಟ್‌ನ ಆಸುಪಾಸಿನಲ್ಲಿದೆ. ಖರೀದಿದಾರನಿಗೆ ಇದು ಬೇಸರದ ಸಂಗತಿಯೇ. ಆದರೂ ಸಸಿ ಬೆಳೆಸುವ ದೀಪವನ್ನು ವ್ಯಾಟ್‌ಗಿಂತ ಹೆಚ್ಚಾಗಿ ಅದರ ಬಣ್ಣ ಮತ್ತು ಅವಧಿಯಿಂದ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಎಷ್ಟು ಉದ್ದ ಬೆಳೆಯಬೇಕು, ಯಾವ ಕಡೆಗೆ ಬಾಗಬೇಕು, ಯಾವಾಗ ಹೂ ಬಿಡಬೇಕು ಎಂಬುದನ್ನು ಗಿಡದ ಕೋಶಗಳಲ್ಲಿರುವ ಕೆಲವು ಪ್ರೋಟೀನ್‌ಗಳು ಈ ಎರಡನ್ನೂ ಬೆಳಕು ಬರುವ ದಿಕ್ಕನ್ನೂ ಗಮನಿಸಿಯೇ ನಿರ್ಧರಿಸುತ್ತವೆ.

ಒಂದೇ ದಿನ ಬಿತ್ತಿದ ಎರಡು ಪ್ರೋಟ್ರೇಗಳಲ್ಲಿ (ಸಸಿ ಬೆಳೆಸುವ ಗುಳಿಗಳ ಟ್ರೇ) ಒಂದನ್ನು ದೀಪದ ಕೆಳಗೂ ಇನ್ನೊಂದನ್ನು ಕಪಾಟಿನ ಕತ್ತಲಲ್ಲೂ ಇಟ್ಟು ನೋಡಿದರೆ ವಿಷಯ ಕಣ್ಣಿಗೇ ಕಾಣುತ್ತದೆ. ಕತ್ತಲಿನ ಸಸಿಗಳು ದಾರದಂತೆ ನೀಳವಾಗಿ, ಹಳದಿ ಬಣ್ಣಕ್ಕೆ ತಿರುಗಿ, ಬೀಜದಳಗಳನ್ನು ಮುಚ್ಚಿಕೊಂಡೇ ನಿಂತಿರುತ್ತವೆ. ಕತ್ತಲಲ್ಲಿ ಸಿಒಪಿ1 ಎಂಬ ಪ್ರೋಟೀನ್, ಹಸಿರಾಗುವ ಜೀನ್‌ಗಳನ್ನು ಚಾಲೂ ಮಾಡಬೇಕಾದ ಎಚ್‌ವೈ5 ಪ್ರೋಟೀನನ್ನು ನಾಶಕ್ಕೆ ಗುರುತು ಮಾಡಿಕೊಡುತ್ತಿರುತ್ತದೆ. ಕಾಂಡವನ್ನು ಉದ್ದ ಮಾಡುವ ಪಿಐಎಫ್ ಪ್ರೋಟೀನ್‌ಗಳಿಗೆ ಆಗ ಅಡ್ಡಿಯೇ ಇರುವುದಿಲ್ಲ. ಕೆಂಪು ಬೆಳಕು ಬಿದ್ದೊಡನೆ ಫೈಟೋಕ್ರೋಮ್ ಎಂಬ ಪ್ರೋಟೀನ್ ಸಕ್ರಿಯ ರೂಪ ತಾಳಿ ಕೋಶಕೇಂದ್ರವನ್ನು ಹೊಕ್ಕು ಪಿಐಎಫ್‌ಗಳ ನಾಶಕ್ಕೆ ಕಾರಣವಾಗುತ್ತದೆ. ನೀಲಿ ಬೆಳಕನ್ನು ಹಿಡಿಯುವ ಕ್ರಿಪ್ಟೋಕ್ರೋಮ್ ಸಿಒಪಿ1ರ ಕೆಲಸವನ್ನು ತಡೆದು ಎಚ್‌ವೈ5 ಉಳಿಯುವಂತೆ ನೋಡಿಕೊಳ್ಳುತ್ತದೆ. ಈ ದೀಪದಲ್ಲಿ ಎರಡೂ ಬಣ್ಣಗಳನ್ನು ಒಟ್ಟಿಗೆ ಉರಿಸಿದಾಗ ಸಸಿಗಳು ಗಿಡ್ಡವಾಗಿ, ದಪ್ಪ ಕಾಂಡದೊಂದಿಗೆ, ಕಡು ಹಸಿರಾಗಿ ಬಂದವು. ಬರೀ ಕೆಂಪಿನ ಕೆಳಗಿಟ್ಟವು ತುಸು ನೀಳವಾದವು. ಆದ್ದರಿಂದ ಬರೀ ಕೆಂಪನ್ನು ಉರಿಸುವ ಬಟನ್ ಇದ್ದೂ ಉಪಯೋಗವಿಲ್ಲ.

ಬಾಗಿಸಬಹುದಾದ ಕತ್ತು ಈ ದೀಪದ ನಿಜವಾದ ಅನುಕೂಲ. ಓರೆಯಾಗಿ ಬೆಳಕು ಬಿಟ್ಟರೆ ನೀಲಿ ಬೆಳಕನ್ನು ಗ್ರಹಿಸುವ ಫೋಟೋಟ್ರೋಪಿನ್‌ಗಳಿಂದಾಗಿ ನೆರಳಿನ ಬದಿಯಲ್ಲಿ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ಹೆಚ್ಚಿ, ಆ ಬದಿ ಹೆಚ್ಚು ಉದ್ದವಾಗಿ, ಸಸಿಗಳೆಲ್ಲ ದೀಪದ ಕಡೆಗೆ ವಾಲುತ್ತವೆ. ಹೀಗಾಗಿ ತಲೆಗಳನ್ನು ಟ್ರೇಯ ನೆತ್ತಿಯ ಮೇಲೆ ನೇರವಾಗಿ ತರಬೇಕು.

‘ಹೂವಿನ ಮೋಡ್’ ಎಂದು ಬರೆದಿರುವ ಬಟನ್ ಒತ್ತಿದರೆ ಕೆಂಪಿನ ಜೊತೆಗೆ ಫಾರ್‌ರೆಡ್ ಬೆಳಕೂ (ಕೆಂಪಿನ ಆಚೆಯ, ಕಣ್ಣಿಗೆ ಅಷ್ಟಾಗಿ ಕಾಣದ ಬೆಳಕು) ಹೊತ್ತಿಕೊಳ್ಳುತ್ತದೆ. ಫಾರ್‌ರೆಡ್ಡನ್ನು ಮಾತ್ರ ಬೇರೆಯಾಗಿ ಆಫ್ ಮಾಡುವ ಉಪಾಯವಿಲ್ಲದಿರುವುದು ವಿನ್ಯಾಸದ ದೊಡ್ಡ ಕೊರತೆ. ಅಮೆರಿಕದ ಮೇರಿಲ್ಯಾಂಡ್‌ನ ಬೆಲ್ಟ್ಸ್‌ವಿಲ್‌ನಲ್ಲಿ ವಿಜ್ಞಾನಿಗಳಾದ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು 1952ರಲ್ಲಿ ಲೆಟ್ಯೂಸ್ ಬೀಜಗಳ ಮೇಲೆ ಪ್ರಯೋಗ ನಡೆಸಿ, ಕೆಂಪು ಬೆಳಕು ಮೊಳಕೆಯೊಡೆಸಿದರೆ ಅದರ ಬೆನ್ನಿಗೇ ಕೊಟ್ಟ ಫಾರ್‌ರೆಡ್ ಅದನ್ನು ರದ್ದುಗೊಳಿಸುತ್ತದೆ ಎಂದೂ, ಕೊನೆಯಲ್ಲಿ ಬಿದ್ದ ಬಣ್ಣದ ಮಾತೇ ನಡೆಯುತ್ತದೆ ಎಂದೂ ತೋರಿಸಿದ್ದರು. ಸುಮಾರು 660 ನ್ಯಾನೋಮೀಟರ್‌ನ ಕೆಂಪು ಫೈಟೋಕ್ರೋಮನ್ನು ಸಕ್ರಿಯಗೊಳಿಸುತ್ತದೆ, 730ರ ಫಾರ್‌ರೆಡ್ ಅದನ್ನು ಮಲಗಿಸುತ್ತದೆ. ಎಲೆಗಳು ಕೆಂಪನ್ನು ಹೀರಿ ಫಾರ್‌ರೆಡ್ಡನ್ನು ಬಿಟ್ಟುಕೊಡುವುದರಿಂದ, ಫಾರ್‌ರೆಡ್ ಹೆಚ್ಚಾದಲ್ಲಿ ಗಿಡವು ತಾನು ಬೇರೆ ಗಿಡದ ನೆರಳಿನಲ್ಲಿದ್ದೇನೆಂದು ತಿಳಿದು ಎತ್ತರಕ್ಕೆ ಚಾಚತೊಡಗುತ್ತದೆ. ಎಳೆಯ ಟೊಮೆಟೊ ಸಸಿಗೆ ಬೇಡವಾದದ್ದೇ ಇದು.

ಟೈಮರ್ ಬಗ್ಗೆ ನನಗೆ ಇನ್ನೂ ಹೆಚ್ಚಿನ ಅಸಮಾಧಾನವಿದೆ. 4, 8, 12 ಗಂಟೆಗಳ ಆಯ್ಕೆಯಿದ್ದರೂ ಕರೆಂಟ್ ಹೋಗಿ ಬಂದರೆ ಎಲ್ಲವೂ ಅಳಿಸಿಹೋಗಿ ದೀಪ ಆರಿಯೇ ಇರುತ್ತದೆ. ಒತ್ತುವ ಬಟನ್ ಆದ್ದರಿಂದ ಹೊರಗಿನಿಂದ ಪ್ಲಗ್ ಟೈಮರ್ ಹಾಕಿದರೂ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಮಧ್ಯಾಹ್ನ ಆರಿದ್ದನ್ನು ಸಂಜೆ ಮನೆಗೆ ಬಂದವರು ಹೊತ್ತಿಸಿದರೆ ಅದು ನಡುರಾತ್ರಿಯವರೆಗೂ ಉರಿಯುತ್ತದೆ. ಟೊಮೆಟೊಗೆ ಇದರಿಂದ ಹೆಚ್ಚು ನಷ್ಟವಿಲ್ಲ. ಅದೇ ಕೋಣೆಯಲ್ಲಿ ಸೇವಂತಿಗೆ ಕುಂಡವಿದ್ದರೆ ಮಾತ್ರ ಕಷ್ಟ. ಸೇವಂತಿಗೆ ಮೊಗ್ಗು ಹಿಡಿಯುವುದಕ್ಕೆ ಉದ್ದನೆಯ, ತಡೆಯಿಲ್ಲದ ಕತ್ತಲು ಬೇಕು. ನಡುರಾತ್ರಿ ಕೆಂಪು ಬೆಳಕು ತಾಗಿದರೆ ಫೈಟೋಕ್ರೋಮ್ ಎಚ್ಚೆತ್ತು, ಎಲೆಯಲ್ಲಿ ಹೂವಿನ ಸಂದೇಶ ಒಯ್ಯುವ ಪ್ರೋಟೀನ್ ಕಡಿಮೆಯಾಗಿ, ಹೂವನ್ನು ತಡೆಯುವ ಪ್ರೋಟೀನ್ ಹೆಚ್ಚುತ್ತದೆ. ಚಿಕ್ಕಬಳ್ಳಾಪುರದ ಕಡೆಯ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಬಲ್ಬುಗಳನ್ನು ಉರಿಸಿ ಹೂವನ್ನು ಮುಂದೂಡುವುದು ಈ ಗುಣವನ್ನೇ ನೆಚ್ಚಿಕೊಂಡು.

ಇಂಥ ದೀಪ ಕೊಳ್ಳುವವರು ಕರೆಂಟ್ ಬಂದೊಡನೆ ತಾನಾಗಿ ಹೊತ್ತಿಕೊಳ್ಳುವ ಸಾದಾ ಸ್ವಿಚ್ಚಿನ ಮಾದರಿಯನ್ನು ಹುಡುಕಿ, ಜೊತೆಗೊಂದು ಪ್ಲಗ್ ಟೈಮರ್ ಇಟ್ಟುಕೊಳ್ಳುವುದು ಲೇಸು. ಬರೀ ಮೆಂತ್ಯ, ಕೊತ್ತಂಬರಿ ಬೆಳೆಯುವವರಿಗೆ 20 ವ್ಯಾಟ್‌ನ ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬ್‌ಲೈಟನ್ನೇ ಟ್ರೇಗೆ ಹತ್ತಿರವಾಗಿ ಕಟ್ಟಿದರೂ ಸಾಕು. ಅದರಲ್ಲಿ ನೀಲಿಯೂ ಕೆಂಪೂ ಇವೆ, ಫಾರ್‌ರೆಡ್ ಇಲ್ಲವೆನ್ನುವಷ್ಟು ಕಡಿಮೆ.