ಜನರೇಟರ್ ರಿಪೇರಿಗೆ ಯಾರನ್ನು ಕರೆಯುವುದು: ಮೂರು ಮಳೆಗಾಲ, ಮೂರು ಕಡೆಯವರು

ಭಾಗಮಂಡಲ ರಸ್ತೆಯಿಂದ ಸ್ವಲ್ಪ ಒಳಗೆ, ತೋಟದ ನಡುವೆ ಐದು ಕೋಣೆಯ ಹೋಂಸ್ಟೇ ನಮ್ಮದು. ಜೂನ್ ಹಿಡಿದ ಮೇಲೆ ಸಿಲ್ವರ್ ಓಕ್ ಮರ ಒಂದು ತಂತಿಗೆ ಒರಗಿದರೆ ಸಾಕು, ಎರಡು ದಿನ ಕರೆಂಟಿಲ್ಲ. ಆ ಗಾಳಿಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳನ್ನು ದೂರಲು ಮನಸ್ಸು ಬರುವುದಿಲ್ಲ. ಹಾಗಾಗಿ 15 ಕೆವಿಎ ಡೀಸೆಲ್ ಜನರೇಟರೇ ಗತಿ. ಅದರ ರಿಪೇರಿಗೆ ಮೂರು ಕಡೆಯವರನ್ನು ನೋಡಿದ್ದೇನೆ: ಮೈಸೂರಿನ ಕಂಪನಿ ಡೀಲರ್, ನಾಪೋಕ್ಲು ಕಡೆಯ ಒಬ್ಬ ಮೆಕ್ಯಾನಿಕ್, ಕುಶಾಲನಗರದ ಒಂದು ಸರ್ವಿಸ್ ಅಂಗಡಿ.

ಮೊದಲು ಡೀಲರ್. ವರ್ಷದ ಕರಾರು 14 ಸಾವಿರ, ನಾಲ್ಕು ಸಲ ಬರುತ್ತಾರೆ, ಸಾಮಾನಿನ ದುಡ್ಡು ಬೇರೆ. ಕೆಲಸ ಅಚ್ಚುಕಟ್ಟು. ಓಡಿದ ಗಂಟೆ ಬರೆದುಕೊಂಡು ಆಯಿಲ್, ಫಿಲ್ಟರ್ ಬದಲಿಸಿ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಸೈಲೆನ್ಸರಿನಿಂದ ಕಪ್ಪು ಎಣ್ಣೆ ಜಿನುಗುತ್ತಿದ್ದದ್ದಕ್ಕೆ ಕಾರಣ ಹೇಳಿದವರೂ ಅವರೇ. ನಾಲ್ಕು ಬಲ್ಬು, ಒಂದು ಫ್ರಿಜ್‌ಗೆ ಅಷ್ಟು ದೊಡ್ಡ ಸೆಟ್ ಓಡಿಸಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಕನಿಷ್ಠ 30 ಶೇಕಡಾ ಲೋಡ್ ಬೇಕು. ಈಗ ಎರಡು ಗೀಸರ್ ಹಾಕಿಯೇ ಓಡಿಸುತ್ತೇವೆ.

ಆದರೆ ಮೈಸೂರಿಂದ ಮಡಿಕೇರಿಗೇ 120 ಕಿಲೋಮೀಟರ್. ಒಂದು ಜುಲೈ ರಾತ್ರಿ ಲೈಟು ಮಿಣಕ್ ಮಿಣಕ್ ಎಂದು, ಇಂಜಿನ್ ಉಸಿರು ಕಟ್ಟಿದ ಹಾಗೆ ಏರಿಳಿದು ನಿಂತಿತು. ಫೋನಿನಲ್ಲೇ 'ಎವಿಆರ್ ಹೋಗಿರಬೇಕು ಸರ್, ಹೊಸದು ತರಿಸಬೇಕು' ಎಂದರು. ವೋಲ್ಟೇಜ್ ಒಂದೇ ಸಮ ಇಡುವ ಎಲೆಕ್ಟ್ರಾನಿಕ್ ಭಾಗ ಅದು. ಬಂದದ್ದು ಮೂರನೇ ದಿನ. ಅಷ್ಟರಲ್ಲಿ ಒಂದು ಕುಟುಂಬ ಕೋಣೆ ಬಿಟ್ಟು ಹೋಗಿತ್ತು, ಫ್ರೀಜರಿನ ಮೀನು ಗುಂಡಿ ಸೇರಿತ್ತು.

ಅದರ ಹಿಂದಿನ ದಿನವೇ ಪಕ್ಕದ ತೋಟದವರು ನಾಪೋಕ್ಲು ಮೆಕ್ಯಾನಿಕನ್ನು ಜೀಪಿನಲ್ಲಿ ಕಳಿಸಿದ್ದರು. ತಲೆಗೆ ಪ್ಲಾಸ್ಟಿಕ್ ಹೊದ್ದೇ ಬಂದ. ಪ್ಯಾನೆಲ್ ಮುಟ್ಟಲೇ ಇಲ್ಲ. 'ಒಂದು ಗಾಜಿನ ಲೋಟ ಕೊಡಿ ಅಣ್ಣ' ಎಂದ. ಚಾ ಕುಡಿಯಲಿಕ್ಕೋ ಎಂದುಕೊಂಡೆ. ಫಿಲ್ಟರಿನ ತಳದ ತಿರುಪು ಸಡಿಲಿಸಿ ಡೀಸೆಲ್ ಹಿಡಿದು ಬೆಳಕಿಗೆ ಎತ್ತಿದ: ಕೆಳಗೆ ಎರಡು ಬೆರಳು ನೀರು, ಮೇಲೆ ಡೀಸೆಲ್. ಶೆಡ್ಡಿನ ಬ್ಯಾರಲ್‌ಗೆ ಮುಚ್ಚಳ ಸರಿಯಾಗಿ ಹಾಕದ ನನ್ನದೇ ತಪ್ಪು. ಟ್ಯಾಂಕ್ ಖಾಲಿ ಮಾಡಿ, ಫಿಲ್ಟರ್ ಬದಲಿಸಿ, ಒಳಗೆ ಸೇರಿದ ಗಾಳಿ ಹೋಗಲಿ ಎಂದು ಕೈಪಂಪು ಒತ್ತುತ್ತಾ ಹೋದ. ನೊರೆ ನಿಂತು ಬರೀ ಡೀಸೆಲ್ ಬಂದ ಮೇಲೆ ತಿರುಪು ಬಿಗಿದ. ಇಂಜಿನ್ ಒಂದೇ ಸಮ ಓಡಿತು, ವೋಲ್ಟೇಜೂ ನಿಂತಿತು. ಕೂಲಿ 800, ಫಿಲ್ಟರ್ ಬೇರೆ. ಎವಿಆರ್‌ಗೆ ಏನೂ ಆಗಿರಲಿಲ್ಲ.

ಹಾಗೆಂದು ಅವನನ್ನೇ ನಂಬಿ ಕೂರುವ ಹಾಗೂ ಇಲ್ಲ. ಮರು ವರ್ಷ ಆಯಿಲ್ ಪ್ರೆಶರ್ ಎಂದು ತೋರಿಸಿ ಸೆಟ್ ಪದೇ ಪದೇ ನಿಲ್ಲುತ್ತಿತ್ತು. ಸೆನ್ಸರಿನ ವೈರನ್ನೇ ಕಿತ್ತು ಟೇಪ್ ಸುತ್ತಿಬಿಟ್ಟ. 'ಈಗ ಓಡ್ತದಲ್ಲ ಅಣ್ಣ!' ತಿಂಗಳು ಓಡಿತು ನಿಜ. ಡೀಲರಿನವರು ಬಂದು ನೋಡಿ ಬೆಚ್ಚಿಬಿದ್ದರು. ನಿಜವಾಗಿ ಆಯಿಲ್ ಇಳಿದಿದ್ದರೆ ಇಂಜಿನ್ ಹಿಡಿದುಕೊಂಡು ನನ್ನ ಮಳೆಗಾಲದ ಸಂಪಾದನೆ ಅದಕ್ಕೇ ಹೋಗುತ್ತಿತ್ತು. ಕಿವಿ, ಕೈ, ಮೂಗಿನ ಕೆಲಸಕ್ಕೆ ಅವನ ಸಮ ಯಾರೂ ಇಲ್ಲ. ಸೆನ್ಸರು, ಕಂಟ್ರೋಲರಿಗೆ ಮಾತ್ರ ಬೇಡ. 2023ರ ಜುಲೈಯಿಂದ ಜಾರಿಗೆ ಬಂದ ಹೊಗೆ ನಿಯಮಕ್ಕೆ ತಕ್ಕ ಹೊಸ ಸೆಟ್ ಕೊಂಡವರು ಇದನ್ನು ಇನ್ನೂ ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು, ಅವುಗಳಲ್ಲಿ ಎಲೆಕ್ಟ್ರಾನಿಕ್ಸ್ ಇನ್ನೂ ಜಾಸ್ತಿ.

ಕುಶಾಲನಗರದವರು ಕರೆದ ದಿನವೇ ಸಂಜೆಗೆ ಬಂದರು. ಮೆಗ್ಗರ್ (ತಂತಿಯ ಇನ್ಸುಲೇಶನ್ ಅಳೆಯುವ ಮೀಟರ್) ಇಟ್ಟು ಆಲ್ಟರ್ನೇಟರ್ ವೈಂಡಿಂಗ್, ಅಂದರೆ ಕರೆಂಟ್ ಹುಟ್ಟಿಸುವ ಭಾಗದ ತಂತಿ ಸುರುಳಿ, ಪರೀಕ್ಷೆ ಮಾಡಿದವರು ಇವರೊಬ್ಬರೇ. ಥಂಡಿ ಹೊಡೆದು ಇನ್ಸುಲೇಶನ್ ಒಂದು ಮೆಗಾ ಓಮ್‌ಗಿಂತ ಕೆಳಗಿಳಿದಿತ್ತು. ಕರೆಂಟ್ ಇದ್ದ ದಿನ ಎರಡು ಬಲ್ಬು ಒಳಗಿಟ್ಟು ರಾತ್ರಿಯಿಡೀ ಒಣಗಿಸಿದರು, ಬೆಳಿಗ್ಗೆ ಸರಿಹೋಯಿತು. ಬಾಡಿಗೆ ಸೆಟ್ಟೂ ಕೊಡುತ್ತಾರೆ. ಒಂದೇ ಕಿರಿಕಿರಿ: ತೆಗೆದ ಹಳೆ ಸಾಮಾನು ಕೇಳಿದರೆ ಮುಖ ಗಂಟಿಕ್ಕುತ್ತಾರೆ, ಬಿಲ್ಲಿಗೆ ಎರಡು ಸಲ ಫೋನ್ ಮಾಡಬೇಕು.

ಈಗ ಡೀಲರ್ ಕರಾರು ಬಿಟ್ಟಿದ್ದೇನೆ. ಮೇ ತಿಂಗಳ ಸರ್ವಿಸ್, ಮೆಗ್ಗರ್ ಪರೀಕ್ಷೆ ಕುಶಾಲನಗರದವರಿಗೆ. ಕಂಟ್ರೋಲರ್ ಕೆಟ್ಟರೆ ಮಾತ್ರ ಮೈಸೂರು, ಆ ಭೇಟಿಗೆ ಬೇಕಾದಷ್ಟೇ ಕೊಟ್ಟು. ಮಳೆಯ ರಾತ್ರಿಗೆ ನಾಪೋಕ್ಲಿನವನೇ. ಗಾಳಿ ಎದ್ದರೆ ಅವನ ಮನೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಅದಕ್ಕೆ ಅವನ ಮನೆ ಎದುರಿನ ಅಂಗಡಿಯ ಲ್ಯಾಂಡ್‌ಲೈನ್ ನಂಬರನ್ನು ಶೆಡ್ಡಿನ ಬಾಗಿಲ ಮೇಲೆ ಪೈಂಟಿನಲ್ಲಿ ಬರೆಸಿದ್ದೇನೆ.