ಹಳೇ ಪಿಕಪ್‌ಗೆ ಇಂಜಿನ್ ಕೆಲಸ ಮಾಡಿಸೋದಾ, ಬೇರೆ ಗಾಡಿ ತಗೊಳ್ಳೋದಾ?

ನಾಲ್ಕು ಲಕ್ಷ ಕಿಲೋಮೀಟರ್ ದಾಟಿದ ಪಿಕಪ್ ಹೊಗೆ ಬಿಡೋಕೆ ಶುರು ಮಾಡಿದರೆ ಸಾಕು, ಟೀ ಅಂಗಡಿ ಹತ್ತಿರ ನಿಂತವರೆಲ್ಲ ಒಂದೇ ಮಾತು ಹೇಳುತ್ತಾರೆ: "ಮಾರಿಬಿಡಪ್ಪ, ಇನ್ನು ಅದಕ್ಕೆ ದುಡ್ಡು ಸುರೀಬೇಡ." ನಾನು ಇದನ್ನು ಒಪ್ಪುವುದಿಲ್ಲ. ಮಾರಲೇಬೇಕಾದ ಗಾಡಿಗಳೂ ಇವೆ, ಆದರೆ ಅದನ್ನು ಹೇಳುವುದು ಮೀಟರ್ ಅಲ್ಲ.

ನಮ್ಮ ಮನೆಯವರೆಲ್ಲ ಗಾಡಿ ನಂಬಿಕೊಂಡವರು. ಶ್ರೀನಿವಾಸಪುರದ ಮಾವು, ಕೋಲಾರದ ಟೊಮೆಟೊ, ನಡುವೆ ಬಂದ ಬಾಡಿಗೆ. ಹೀಗಾಗಿ ಇರುವ ನಾಲ್ಕೂ ದಾರಿಗಳನ್ನು ಹತ್ತಿರದಿಂದ ನೋಡಿದ್ದೇನೆ. ನನ್ನ ಗಾಡಿಗೆ ಪೂರ್ತಿ ಇಂಜಿನ್ ಕೆಲಸ ಮಾಡಿಸಿದೆ. ಬಾಮೈದ ಅವನ ಗಾಡಿಗೆ ಗುಜರಿಯಿಂದ ಇಂಜಿನ್ ತಂದು ಕೂರಿಸಿದ. ಅಣ್ಣ ಹಳೆಯದನ್ನು ಕೊಟ್ಟು ಸ್ವಲ್ಪ ಹೊಸ ಮಾಡೆಲ್ಲಿನ ಸೆಕೆಂಡ್ ಹ್ಯಾಂಡ್ ತಗೊಂಡ. ಆಮೇಲೆ ಅಣ್ಣ, ನಾನು ಇಬ್ಬರೂ ಸೇರಿ ಸಾಲದಲ್ಲಿ ಒಂದು ಹೊಸದನ್ನೂ ತಂದೆವು. ನಾಲ್ಕನ್ನೂ ಲೋಡ್ ಹಾಕಿ ಓಡಿಸಿದ್ದೇನೆ, ನಾಲ್ಕರ ಬಿಲ್ಲೂ ನೋಡಿದ್ದೇನೆ.

ಮೊದಲು ಚಾಸಿ, ಅಂದರೆ ಇಡೀ ಗಾಡಿಯ ಭಾರ ಹೊರುವ ಕೆಳಗಿನ ಉಕ್ಕಿನ ಚೌಕಟ್ಟು. ಇಂಜಿನ್ ಎಷ್ಟೇ ಹಾಳಾಗಿರಲಿ, ಅದನ್ನು ಬಿಚ್ಚಿ ಮತ್ತೆ ಹೊಸದರಂತೆ ಮಾಡಬಹುದು. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಕೂಡ ಅಷ್ಟೇ. ಚಾಸಿ ತುಕ್ಕು ತಿಂದಿದ್ದರೆ ಮಾತ್ರ ಮುಗೀತು. ನಮ್ಮ ಕಡೆ ತರಕಾರಿ ಗಾಡಿಗಳಿಗೆ ಇದು ಜಾಸ್ತಿ. ಬಾಕ್ಸಿನಲ್ಲಿ ಒಡೆದ ಟೊಮೆಟೊ ರಸ ಲೋಡ್ ಬಾಡಿಯ ಸಂದಿಯಿಂದ ಇಳಿದು ಚಾಸಿ ಮೇಲೆ ಕೂರುತ್ತದೆ, ಹುಳಿ ರಸ, ಅದರ ಮೇಲೆ ಕೆಮ್ಮಣ್ಣು, ಅದರ ಮೇಲೆ ಮಳೆ ನೀರು, ವರ್ಷಗಟ್ಟಲೆ ಯಾರೂ ಅಲ್ಲಿ ನೀರು ಹೊಡೆದು ತೊಳೆದಿರುವುದಿಲ್ಲ. ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ಗಾಡಿ ಕೆಳಗೆ ಮಲಗಿ. ಹಿಂದಿನ ಲೀಫ್ ಸ್ಪ್ರಿಂಗಿನ ಬ್ರಾಕೆಟ್ ಚಾಸಿಗೆ ಸೇರುವ ಜಾಗ ಹುಡುಕಿ, ಮೊದಲು ಹಿಡಿಯಿಂದ ತಟ್ಟಿ, ಆಮೇಲೆ ತುದಿಯಿಂದ ಒತ್ತಿ. ಟಣ್ ಅಂತ ಗಟ್ಟಿ ಸದ್ದು ಬಂದರೆ ಒಳ್ಳೆಯದು. ಮಂಕು ಸದ್ದು ಬಂದು ಪದರ ಪದರವಾಗಿ ತುಕ್ಕು ಎದ್ದು ಬಂದರೆ, ಅಥವಾ ತುದಿ ಒಳಗೇ ಹೋದರೆ, ಆ ಗಾಡಿಗೆ ಇಂಜಿನ್ ಕೆಲಸ ಮಾಡಿಸಬೇಡಿ. ವೆಲ್ಡಿಂಗ್ ಮಾಡಿ ತಟ್ಟೆ ಹಾಕಿಕೊಡ್ತೀನಿ ಅನ್ನುವವರು ಸಿಗುತ್ತಾರೆ. ಒಂದೂವರೆ ಟನ್ ಹೇರಿಕೊಂಡು ಗುಂಡಿ ರಸ್ತೆಯಲ್ಲಿ ಹೋಗುವ ಗಾಡಿಗೆ ಅಂಥ ತೇಪೆ ನಂಬಿ ಕೂರಬೇಡಿ, ಒಳಗಿರುವುದು ನಿಮ್ಮದೇ ಜೀವ ಅಲ್ವಾ.

ಎರಡನೆಯದು ಕಾಗದ. 15 ವರ್ಷ ಆದಮೇಲೆ ಗಾಡಿ ಗುಜರಿಗೆ ಹಾಕಲೇಬೇಕು ಅಂತ ತುಂಬಾ ಜನ ನಂಬಿದ್ದಾರೆ. ಕರ್ನಾಟಕದಲ್ಲಿ ಖಾಸಗಿಯವರ ಸರಕು ಗಾಡಿಗೆ ಹಾಗೇನೂ ಇಲ್ಲ. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದರೆ ನೋಂದಣಿ ಹೋಗುವುದು ಸರ್ಕಾರಿ ಗಾಡಿಗಳದ್ದು. ದೆಹಲಿ ಕಡೆ ಹತ್ತು ವರ್ಷದ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧ ಕೇಳಿ ಇಲ್ಲಿಯವರು ಸುಮ್ನೆ ಹೆದರಿಕೊಂಡಿದ್ದಾರೆ. ನಮಗೆ ಬೇಕಿರುವುದು ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವಾಗಿದೆ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್. ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ಗಾಡಿ ಹಳೆಯದಾದಷ್ಟೂ ಫೀಸು ಏರುತ್ತದೆ, 15 ದಾಟಿದ ಮೇಲೆ ಕೈ ಸುಡುವಷ್ಟು ಏರುತ್ತದೆ. ಹಳೇ ಗಾಡಿಗೆ ಹಾಕುವ ಹಸಿರು ತೆರಿಗೆ ಬೇರೆ. ಹಾಗಾಗಿ ಇಂಜಿನ್‌ಗೆ ದುಡ್ಡು ಹಾಕುವ ಮುಂಚೆ ನಿಮ್ಮ ಆರ್‌ಟಿಒದಲ್ಲಿ ಮುಂದಿನ ಎಫ್‌ಸಿಗೆ ಎಷ್ಟು ಬೀಳುತ್ತದೆ ಅಂತ ಕೇಳಿಕೊಂಡು ಅದನ್ನೂ ಲೆಕ್ಕಕ್ಕೆ ಸೇರಿಸಿ.

ಈಗ ನನ್ನ ಗಾಡಿ ವಿಷಯ. ನೀಲಿ ಹೊಗೆ, ಆಯಿಲ್ ಕುಡಿಯೋದು, ಲೋಡ್ ಇದ್ದಾಗ ಏರಿನಲ್ಲಿ ಎಳೆತ ಇಲ್ಲ. ಇಲ್ಲಿ ಹೊಗೆಯ ಬಣ್ಣ ನೋಡಿ ಮಾತಾಡುವುದು ಕಲಿಯಬೇಕು. ಕಪ್ಪು ಹೊಗೆ ಅಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ: ಏರ್ ಫಿಲ್ಟರ್, ನಾಝಲ್, ಪಂಪ್, ಟರ್ಬೋ ಪೈಪ್ ನೋಡಬೇಕು, ಅದಕ್ಕೆಲ್ಲ ಇಂಜಿನ್ ಬಿಚ್ಚಬೇಕಾಗಿಲ್ಲ. ಬೆಳಗ್ಗೆ ಬಿಳಿ ಹೊಗೆ ಬಂದು, ರೇಡಿಯೇಟರ್ ನೀರೂ ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಅದರಲ್ಲೂ ವಾಲ್ವ್ ಸೀಲ್ ಹೋಗಿದೆಯೋ, ಟರ್ಬೋ ಸೀಲ್ ಹೋಗಿದೆಯೋ, ಪಿಸ್ಟನ್ ರಿಂಗೇ ಸವೆದಿದೆಯೋ ಅನ್ನುವುದು ಬೇರೆ ಬೇರೆ ಖರ್ಚು.

ನಮ್ಮ ಮೆಕ್ಯಾನಿಕ್ ತೋರಿಸಿದ್ದು ಹೀಗೆ. ಇಂಜಿನ್ ಬಿಸಿಯಾದ ಮೇಲೆ ಸ್ಲೋನಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದೇ ತೂತಿನ ಮೇಲೆ ತಲೆಕೆಳಗಾಗಿ ಇಟ್ಟರು. ಚೆನ್ನಾಗಿರುವ ಇಂಜಿನ್ನಿನಲ್ಲಿ ಮುಚ್ಚಳ ಸ್ವಲ್ಪ ಅಲುಗಾಡುತ್ತದೆ ಅಷ್ಟೆ. ನನ್ನದರಲ್ಲಿ ಕುಣಿದು ಕುಣಿದು ಕೆಳಗೇ ಬಿತ್ತು, ಹಿಂದೆಯೇ ತೂತಿನಿಂದ ಹೊಗೆ ದಬದಬ ಬಂತು. ಪಿಸ್ಟನ್ ದಾಟಿ ಗಾಳಿ ಕೆಳಗೆ ನುಗ್ಗುತ್ತಿದೆ ಅಂತ ಅರ್ಥ. ಆದರೂ ಅಷ್ಟಕ್ಕೇ ಬಿಚ್ಚಿಸಬೇಡಿ, ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿಸಿ. ನಾಲ್ಕು ಸಿಲಿಂಡರಿನಲ್ಲಿ ಮೂರು ಸರಿಯಿದ್ದು ಒಂದು ಮಾತ್ರ ಬಿದ್ದಿದ್ದರೆ ಅದು ವಾಲ್ವ್ ತೊಂದರೆಯೂ ಇರಬಹುದು. ನಾಲ್ಕೂ ಬಿದ್ದಿದ್ದರೆ ಬೋರ್ ಕೆಲಸವೇ, ಅಂದರೆ ಸವೆದ ಸಿಲಿಂಡರನ್ನು ಕೊರೆದು ಸ್ವಲ್ಪ ದೊಡ್ಡದು ಮಾಡುವುದು. ನನ್ನದು ನಾಲ್ಕೂ ಬಿದ್ದಿತ್ತು.

ಬ್ಲಾಕ್ ಲೇತ್‌ಗೆ ಹೋಯಿತು, ಬೋರ್ ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕಿದರು, ಕ್ರ್ಯಾಂಕ್ ಗ್ರೈಂಡಿಂಗ್ ಆಯಿತು, ಬೇರಿಂಗ್, ಆಯಿಲ್ ಪಂಪ್, ಹೆಡ್ ಫೇಸಿಂಗ್, ವಾಲ್ವ್ ಕೂರಿಸುವುದು, ಜೊತೆಗೆ ನಾಝಲ್ ಮತ್ತು ಪಂಪ್ ಟೆಸ್ಟಿಂಗ್. ಸಾಮಾನು, ಲೇತ್, ಕೂಲಿ ಎಲ್ಲ ಸೇರಿ ಲಕ್ಷದ ಮೇಲೆ ಸ್ವಲ್ಪ ಆಯಿತು. ಇಂಜಿನ್ ಇಳಿಸಿದ್ದಾಗಲೇ ಕ್ಲಚ್ ಪ್ಲೇಟ್, ಇಂಜಿನ್ ಮೌಂಟಿಂಗ್ ಬದಲಾಯಿಸಿಬಿಡಿ, ಇನ್ನೊಂದು ಸಲ ಇಳಿಸುವ ಕೂಲಿ ಉಳಿಯುತ್ತದೆ. ಮೊದಲ ಸಾವಿರ ಕಿಲೋಮೀಟರ್ ಅರ್ಧ ಲೋಡ್ ಮಾತ್ರ ಹಾಕಿದೆ, ಜಾಸ್ತಿ ಎಳೆಯಲಿಲ್ಲ, ಆಮೇಲೆ ಆಯಿಲ್ ಬದಲಾಯಿಸಿದೆ. ಆ ಗಾಡಿ ಈಗಲೂ ಓಡುತ್ತಿದೆ, ಒಂದು ಆಯಿಲ್ ಬದಲಾವಣೆಯಿಂದ ಇನ್ನೊಂದರವರೆಗೆ ಮೇಲೆ ಆಯಿಲ್ ಹಾಕುವ ಕೆಲಸವೇ ಇಲ್ಲ.

ಇದರ ನಿಜವಾದ ನಷ್ಟ ದುಡ್ಡಲ್ಲ, ಗಾಡಿ ನಿಲ್ಲುವುದು. ಲೇತ್‌ನವರು ಇವತ್ತು ನಾಳೆ ಅಂತಾರೆ, ಒಂದು ಬೇರಿಂಗ್ ಸೆಟ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬರಬೇಕು ಅಂತಾರೆ. ಹಾಗಾಗಿ ಮಾವಿನ ಕಾಲ ಶುರುವಾಗುವ ಹೊತ್ತಿಗೆ ಯಾರೂ ಇಂಜಿನ್ ಬಿಚ್ಚಿಸಬೇಡಿ.

ಬಾಮೈದನ ದಾರಿ ನೋಡೋಕೆ ಸುಲಭ. ಅಪಘಾತದಲ್ಲಿ ಮುಂಭಾಗ ಜಜ್ಜಿಹೋದ ಗಾಡಿಯ ಇಂಜಿನ್ ಗುಜರಿಯಲ್ಲಿ ಸಿಗುತ್ತದೆ, ನನಗೆ ಬೋರ್ ಕೆಲಸಕ್ಕೆ ಆದದ್ದಕ್ಕಿಂತ ಕಮ್ಮಿಗೆ ಆಯಿತು, ನಾಲ್ಕೈದು ದಿನದಲ್ಲಿ ಗಾಡಿ ರಸ್ತೆಗೆ ಬಂತು. ಆದರೆ ಆ ಇಂಜಿನ್ ಎಷ್ಟು ಓಡಿದೆ ಅಂತ ಹೇಳುವವರು ಯಾರೂ ಇಲ್ಲ. ಅವನದು ಸ್ವಲ್ಪ ಕಾಲ ಚೆನ್ನಾಗಿ ಎಳೆಯಿತು, ಆಮೇಲೆ ಮುಂದಿನ ಸೀಲಿನಲ್ಲಿ ಆಯಿಲ್ ಸೋರಿಕೆ, ಸ್ಟಾರ್ಟಿಂಗ್ ತೊಂದರೆ, ಒಂದರ ಹಿಂದೆ ಒಂದು. ಅದಕ್ಕಿಂತ ದೊಡ್ಡ ತಲೆನೋವು ಇಂಜಿನ್ ನಂಬರ್. ಆರ್‌ಸಿಯಲ್ಲಿರುವ ನಂಬರ್ ಒಂದು, ಗಾಡಿಯಲ್ಲಿರುವುದು ಇನ್ನೊಂದು ಆದರೆ ಎಫ್‌ಸಿಯಲ್ಲಿ ಸಿಕ್ಕಿಬೀಳುತ್ತೀರಿ, ಅಪಘಾತವಾದರೆ ಇನ್ಶೂರೆನ್ಸ್‌ನವರು ಕ್ಲೇಮಿಗೆ ತಕರಾರು ತೆಗೆಯುತ್ತಾರೆ, ಕದ್ದ ಗಾಡಿಯ ಇಂಜಿನ್ ಆಗಿದ್ದರಂತೂ ಪೊಲೀಸ್ ಸ್ಟೇಷನ್. ಬಿಲ್ಲು, ಆ ಹಳೇ ಗಾಡಿಯ ಕಾಗದ ಎರಡೂ ಕೊಟ್ಟರೆ ಮಾತ್ರ ತಗೊಳ್ಳಿ, ತಗೊಂಡು ಆರ್‌ಟಿಒದಲ್ಲಿ ನಂಬರ್ ಸೇರಿಸಿ. ನನ್ನನ್ನು ಕೇಳಿದರೆ ನಾಲ್ಕರಲ್ಲಿ ಇದೇ ಕಡೆಯದು.

ಅಣ್ಣ ತಗೊಂಡದ್ದು 2018ರ ಮಾಡೆಲ್, ಐದು ಲಕ್ಷದ ಮೇಲೆ ಕೊಟ್ಟ. ಅದು ಬಿಎಸ್4 ಗಾಡಿ. ಬಿಎಸ್ ಅಂದರೆ ಗಾಡಿ ಎಷ್ಟು ಹೊಗೆ ಬಿಡಬಹುದು ಅನ್ನುವ ಸರ್ಕಾರದ ಮಿತಿ. ದೇಶವಿಡೀ ಬಿಎಸ್4 ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್6 ಬಂದದ್ದು 2020ರ ಏಪ್ರಿಲ್‌ನಲ್ಲಿ. ನಡುವಿನ ಈ ಮೂರು ವರ್ಷದ ಗಾಡಿಗಳು ನಮ್ಮಂಥ ಊರಿಗೆ ಚೆನ್ನಾಗಿ ಹೊಂದುತ್ತವೆ ಅನ್ನುವುದು ನನ್ನ ಅನುಭವ, ಯಾಕೆಂದರೆ ನಮ್ಮ ಊರಿನ ಮೆಕ್ಯಾನಿಕ್ ಕೈಗೆ ಅವು ಇನ್ನೂ ಸಿಗುತ್ತವೆ. ಸೆಕೆಂಡ್ ಹ್ಯಾಂಡ್ ನೋಡುವಾಗ ಮೀಟರ್ ನಂಬಬೇಡಿ. ಕ್ಲಚ್ ಪೆಡಲಿನ ರಬ್ಬರ್, ಸ್ಟೀರಿಂಗಿನ ಮೇಲ್ಭಾಗ, ಡ್ರೈವರ್ ಕಡೆಯ ಬಾಗಿಲಿನ ಕೀಲು, ಇವು ಮೂರೂ ಸವೆದಿದ್ದು ಮೀಟರ್ ಮಾತ್ರ ಎಂಬತ್ತು ಸಾವಿರ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಚಾಸಿಗೆ ಹೊಸದಾಗಿ ಕಪ್ಪು ಪೇಂಟ್ ಹೊಡೆದಿದ್ದರೂ ಅಷ್ಟೇ, ಸ್ಕ್ರೂಡ್ರೈವರ್ ಇನ್ನೂ ಜೋರಾಗಿ ಒತ್ತಿ. ಅಣ್ಣನ ಗಾಡಿಗೆ ಹಳೇ ಸಾಲದ ನಮೂದು ಆರ್‌ಸಿಯಲ್ಲಿ ಹಾಗೇ ಉಳಿದಿತ್ತು. ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಆದರೂ, ಸಾಲ ತೀರಿದೆ ಅನ್ನುವ ಬ್ಯಾಂಕಿನ ಎನ್‌ಒಸಿ, ಸಾಲದ ನಮೂದು ತೆಗೆಸುವ ಫಾರಂ 35 ಸಿಗದೆ ಹೆಸರು ಬದಲಾಗಲಿಲ್ಲ, ಅದಕ್ಕೇ ತಿಂಗಳುಗಟ್ಟಲೆ ಓಡಾಟವಾಯಿತು. ಆ ಕಾಗದ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಹಳೇ ದಂಡ ಎಷ್ಟು ಬಾಕಿಯಿದೆ ಅಂತಲೂ ಗಾಡಿ ನಂಬರ್ ಹಾಕಿ ನೋಡಿಕೊಳ್ಳಿ.

ಹೊಸ ಗಾಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಓಡಿಸೋಕೆ ಸುಖ. ಪವರ್ ಸ್ಟೀರಿಂಗ್, ಒಳ್ಳೆ ಬ್ರೇಕ್, ರಾತ್ರಿ ಕಲಾಸಿಪಾಳ್ಯಕ್ಕೆ ಲೋಡ್ ಹಾಕಿಕೊಂಡು ಹೊರಟರೆ ಮನೆಯವರಿಗೂ ನೆಮ್ಮದಿ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಅದರಿಂದ ಬೆಲೆಯೂ ಸ್ವಲ್ಪ ಕೈಗೆಟುಕಿದೆ. ಆದರೆ ಕಂತು ನೋಡಿ. ಒಂಬತ್ತು ಲಕ್ಷ ಸಾಲ, ಶೇ. 11 ಬಡ್ಡಿ, ಐದು ವರ್ಷ ಅಂದರೆ ತಿಂಗಳಿಗೆ 19,500ರ ಮೇಲೆ. ಐದು ವರ್ಷಕ್ಕೆ ಬಡ್ಡಿಯೇ ಎರಡೂ ಮುಕ್ಕಾಲು ಲಕ್ಷದ ಹತ್ತಿರ. ಟೊಮೆಟೊ ಬಾಕ್ಸ್ ನೂರು ರೂಪಾಯಿಗೆ ಬಿದ್ದು ರೈತ ಹೊಲದಲ್ಲೇ ಹಣ್ಣು ಬಿಟ್ಟ ತಿಂಗಳಲ್ಲೂ ಕಂತು ಕಟ್ಟಲೇಬೇಕು. ಇನ್ನೊಂದು ವಿಷಯ ಡಿಪಿಎಫ್, ಬಿಎಸ್6 ಡೀಸೆಲ್‌ನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್. ಅದು ತನ್ನ ಮಸಿ ತಾನೇ ಸುಟ್ಟುಕೊಳ್ಳಬೇಕಾದರೆ ಇಂಜಿನ್ ಚೆನ್ನಾಗಿ ಬಿಸಿಯಾಗಿ ಒಂದಷ್ಟು ದೂರ ಒಂದೇ ಸಮನೆ ಓಡಬೇಕು. ತೋಟದಿಂದ ಮಂಡಿಗೆ, ಮಂಡಿಯಿಂದ ತೋಟಕ್ಕೆ ಅಂತ ಹತ್ತು ಕಿಲೋಮೀಟರ್ ಒಳಗೇ ತಿರುಗುವ ಗಾಡಿಗೆ ಆ ಲೈಟ್ ಪದೇ ಪದೇ ಹತ್ತುತ್ತದೆ.

ಈಗ ಪಕ್ಕಪಕ್ಕ ಇಟ್ಟು ನೋಡೋಣ. ಲಕ್ಷ ರೂಪಾಯಿ ಇಂಜಿನ್ ಕೆಲಸ ಬರೀ ಎರಡು ವರ್ಷ ಬಾಳಿದರೂ ತಿಂಗಳಿಗೆ 4,200 ಬೀಳುತ್ತದೆ. ಹೊಸದರ ಕಂತಿಗೂ ಇದಕ್ಕೂ ತಿಂಗಳಿಗೆ 15,000ದ ವ್ಯತ್ಯಾಸ. ಎಫ್‌ಸಿ ಫೀಸು, ಟೈರು, ಆಗಾಗ ಬರುವ ಚಿಲ್ಲರೆ ರಿಪೇರಿ ಎಲ್ಲ ಕಳೆದರೂ ಹಳೇ ಗಾಡಿ ಗೆಲ್ಲುತ್ತದೆ, ಆದರೆ ಒಂದು ಷರತ್ತಿನ ಮೇಲೆ: ಅದು ದೂರದ ರಾತ್ರಿ ಟ್ರಿಪ್ಪಿಗೆ ಹೋಗಬಾರದು. ಕೋಲಾರ ಎಪಿಎಂಸಿಯಲ್ಲಿ ಹರಾಜಿನ ಹೊತ್ತಿಗೆ ಬಾಕ್ಸ್ ಇಳಿಯದಿದ್ದರೆ ರೈತನಿಗೆ ಆ ದಿನದ ರೇಟೇ ಹೋಗುತ್ತದೆ, ಮುಂದಿನ ವಾರ ಅವನು ನಿಮ್ಮನ್ನು ಕರೆಯುವುದಿಲ್ಲ. ಊರ ಹತ್ತಿರ ಕೆಟ್ಟರೆ ಇನ್ನೊಂದು ಗಾಡಿ ತರಿಸಿ ಲೋಡ್ ಬದಲಾಯಿಸಬಹುದು. ರಾತ್ರಿ ಎರಡು ಗಂಟೆಗೆ ಹೊಸಕೋಟೆ ಹತ್ತಿರ ನಿಂತರೆ ಏನು ಮಾಡ್ತೀರಿ?

ಹಾಗಾಗಿ ನಾವು ಹಂಚಿಕೊಂಡಿದ್ದೇವೆ. ಹೊಸದು ಬೆಂಗಳೂರಿಗೆ, ಅಣ್ಣನದು ಚಿಂತಾಮಣಿ, ಮುಳಬಾಗಿಲು ಕಡೆಗೆ, ನನ್ನ ಹಳೆಯದು ತೋಟಕ್ಕೂ ಮಂಡಿಗೂ. ಒಂದೇ ಗಾಡಿ ಇದ್ದು, ಅದರಲ್ಲೇ ದೂರದ ಬಾಡಿಗೆ ಹೊಡೆಯುವವರಿಗೆ ನಾನು ಹೇಳುವುದು ಅಣ್ಣನ ದಾರಿ: ಕಾಗದ ಸರಿಯಿರುವ ಬಿಎಸ್4 ಸೆಕೆಂಡ್ ಹ್ಯಾಂಡ್. ಊರ ಸುತ್ತಮುತ್ತ ಓಡಿಸುವವರು, ಚಾಸಿ ಗಟ್ಟಿಯಿದ್ದರೆ, ಧೈರ್ಯವಾಗಿ ಇಂಜಿನ್ ಕೆಲಸ ಮಾಡಿಸಿ. ಬೊಲೆರೊ ಪಿಕಪ್, ದೋಸ್ತ್, ಟಾಟಾ ಏಸ್ ತರಹ ಊರೂರಲ್ಲಿ ಇರುವ ಗಾಡಿಯಾದರೆ ಸಾಮಾನು ಸಿಗುವುದು ಕಷ್ಟವಲ್ಲ. ಅಪರೂಪದ ಮಾಡೆಲ್ ಆಗಿದ್ದರೆ ಬಿಚ್ಚಿಸುವ ಮುಂಚೆಯೇ ಪಿಸ್ಟನ್ ಸೆಟ್ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿ.

ಕೆಲಸಕ್ಕೆ ಬಿಡುವ ದಿನ ಯಾವ ಯಾವ ಸಾಮಾನು ಬದಲಾಗುತ್ತದೆ, ಯಾವುದಕ್ಕೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಲೇತ್‌ಗೆ ನೀವೂ ಒಂದು ಸಲ ಹೋಗಿ ಬ್ಲಾಕ್ ನೋಡಿ ಬನ್ನಿ. ತೆಗೆದ ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲವನ್ನೂ ಗೋಣಿಚೀಲದಲ್ಲಿ ಕಟ್ಟಿ ವಾಪಸ್ ಕೊಡೋಕೆ ಮೊದಲೇ ಹೇಳಿಡಿ.